ಬೀಪ್ ಕೇಳಿಸದ ಕೋಣೆ

ಬಾಗಿಲನ್ನು ಎಡಗೈಯಲ್ಲಿ ತಳ್ಳಿದೆ. ಒಳಗೆ ಮಂದ ಬೆಳಕಿತ್ತು. ಮೂಲೆಯಲ್ಲಿ ನಿಂತಿದ್ದ ವ್ಯಕ್ತಿ ಸರಕ್ಕನೆ ನನ್ನ ಕಡೆ ತಿರುಗಿದ. ಸೊಂಟದ ಹತ್ತಿರವಿದ್ದ ಅವನ ಕೈ ಮೇಲೆ ಬಂತು, ಕೈಯಲ್ಲಿ ಏನೋ ಕಪ್ಪಗಿನದು ಕಂಡಿತು. ನನಗೆ ನೆನಪಿರುವುದು ಅಷ್ಟೇ. ಅದರ ಮುಂದಿನ ನೆನಪು ಅವನ ಎದೆಯ ಮೇಲಿದ್ದ ಎರಡು ನೀಲಿ ಚುಕ್ಕೆಗಳದು. ಒಂದರ ಪಕ್ಕ ಒಂದು, ನಡುವೆ ಮೂರು ಬೆರಳಿನ ಅಂತರ.

ಅದು ಆತ್ಮರಕ್ಷಣೆಯ ತರಬೇತಿಗೆಂದೇ ಪ್ಲೈವುಡ್‌ನಲ್ಲಿ ಕಟ್ಟಿದ ಮನೆ. ನನ್ನ ಕೈಯಲ್ಲಿದ್ದದ್ದು ಬಣ್ಣದ ಗುಂಡನ್ನು ಮಾತ್ರ ಹಾರಿಸುವ ಪಿಸ್ತೂಲು. ಎದುರಿಗಿದ್ದವರು ನಮ್ಮ ತರಗತಿಯವರೇ. ಮುಖಕ್ಕೆ ಕವಚ, ಕುತ್ತಿಗೆಗೆ ದಪ್ಪ ಪಟ್ಟಿ ಕಟ್ಟಿಕೊಂಡಿದ್ದರು. ತರಬೇತುದಾರರು ಸೀಟಿ ಊದಿ ಒಳಗೆ ಬಂದರು. ಬೈಯಲಿಲ್ಲ. "ಅವರ ಕೈಯಲ್ಲಿ ಏನಿತ್ತು?" ಎಂದು ಕೇಳಿದರು.

"ಕಪ್ಪಗೆ ಏನೋ ಇತ್ತು ಸರ್."

"ಏನೋ ಅಂದ್ರೆ?"

ಎದುರಿಗಿದ್ದವರು ಕೈ ಬಿಚ್ಚಿ ತೋರಿಸಿದರು. ಫೋನು. ಅದರ ಪರದೆಯ ಬೆಳಕು ಇನ್ನೂ ಆರಿರಲಿಲ್ಲ.

ಆ ಹೊತ್ತಿಗೆ ನಾನು ಸ್ಪರ್ಧೆಗಳಲ್ಲಿ ಗುಂಡು ಹಾರಿಸಲು ಶುರು ಮಾಡಿ 11 ವರ್ಷವಾಗಿತ್ತು. ಪಂದ್ಯದಲ್ಲಾಗಿದ್ದರೆ ಆ ಎರಡು ಹೊಡೆತಕ್ಕೆ ಪೂರ್ತಿ ಅಂಕ ಸಿಗುತ್ತಿತ್ತು. ಕೈ ಒಂದಿಷ್ಟೂ ನಡುಗಿರಲಿಲ್ಲ, ಟ್ರಿಗರ್ ಎಳೆದದ್ದರಲ್ಲಿ ತಪ್ಪಿರಲಿಲ್ಲ, ವೇಗಕ್ಕೂ ಕೊರತೆ ಇರಲಿಲ್ಲ. ಕಲಿತದ್ದನ್ನೆಲ್ಲ ಕೈ ಚಾಚೂ ತಪ್ಪದೆ ಮಾಡಿತ್ತು. ಆ ರಾತ್ರಿ ನಿದ್ದೆ ಹತ್ತಲಿಲ್ಲ. ತಪ್ಪು ಮಾಡಿದೆನಲ್ಲ ಎಂಬುದಕ್ಕಿಂತ, ಇಷ್ಟು ಅಚ್ಚುಕಟ್ಟಾಗಿ ಹೇಗೆ ತಪ್ಪು ಮಾಡಿದೆ ಎಂಬ ಪ್ರಶ್ನೆಯೇ ಕೊರೆಯುತ್ತಿತ್ತು. ಸ್ಪರ್ಧೆಯ ಶೂಟಿಂಗ್ ಮತ್ತು ಆತ್ಮರಕ್ಷಣೆಯ ತರಬೇತಿ, ಇವೆರಡರ ಸಂಬಂಧ ಏನು ಎಂದು ಅಂದಿನಿಂದ ಯೋಚಿಸುತ್ತಲೇ ಇದ್ದೇನೆ.

ನನ್ನ ಮೊದಲ ಪಾಠಶಾಲೆ 10 ಮೀಟರ್ ಏರ್ ಪಿಸ್ತೂಲು. ಒಂದೇ ಕೈಯಲ್ಲಿ ಹಿಡಿದು, ಇನ್ನೊಂದು ಕೈಯನ್ನು ಜೇಬಿಗೋ ಸೊಂಟದ ಪಟ್ಟಿಗೋ ಸಿಕ್ಕಿಸಿಕೊಂಡು ನಿಲ್ಲುವ ಆಟ. 4.5 ಮಿಲಿಮೀಟರಿನ ಪುಟ್ಟ ಸೀಸದ ಗುಂಡು. 60 ಹೊಡೆತ, ಅದಕ್ಕೆ 75 ನಿಮಿಷ. ಪೂರ್ತಿ ಹತ್ತು ಅಂಕ ಕೊಡುವ ವೃತ್ತದ ಅಗಲ 11.5 ಮಿಲಿಮೀಟರ್, ಹತ್ತು ಮೀಟರ್ ದೂರದಿಂದ ಅದು ಬರಿಗಣ್ಣಿಗೆ ಕಾಣುವುದೇ ಇಲ್ಲ, ಅದರ ಸುತ್ತಲಿನ ಕಪ್ಪು ಬಿಲ್ಲೆಯಷ್ಟೇ ಕಾಣುತ್ತದೆ. ವಿಚಿತ್ರವೆಂದರೆ, ಆ ಬಿಲ್ಲೆಯನ್ನೂ ಸ್ಪಷ್ಟವಾಗಿ ನೋಡಲು ಹೋಗಬಾರದು. ಕಣ್ಣು ನೆಡಬೇಕಾದದ್ದು ಗುರಿ ಹಿಡಿಯಲೆಂದು ಪಿಸ್ತೂಲಿನ ತುದಿಯಲ್ಲಿರುವ ಫ್ರಂಟ್ ಸೈಟ್ ಮೇಲೆ. ಗುರಿ ಮಬ್ಬಾಗಿಯೇ ಇರಬೇಕು. ಕೈ ಅಲುಗುತ್ತಲೇ ಇರುತ್ತದೆ, ನಾಡಿ ಬಡಿದಾಗಲೆಲ್ಲ ಸೈಟ್ ಸಣ್ಣಗೆ ಕುಣಿಯುತ್ತದೆ. ಆ ಅಲುಗಾಟವನ್ನು ಒಪ್ಪಿಕೊಂಡು, ಬೆರಳನ್ನು ಮಾತ್ರ ನೇರ ಹಿಂದಕ್ಕೆ ತರುತ್ತಾ ಹೋಗಬೇಕು. ಟ್ರಿಗರ್‌ನ ಭಾರ 500 ಗ್ರಾಮಿಗಿಂತ ಕಡಿಮೆ ಇರಕೂಡದು ಎಂಬ ನಿಯಮವಿದೆ. ಆ ಅರ್ಧ ಕಿಲೋ ಭಾರವನ್ನು ಹದವಾಗಿ ಹೊರುವುದನ್ನು ಬೆರಳಿಗೆ ಕಲಿಸಲು ನನಗೆ ಎರಡು ವರ್ಷ ಹಿಡಿಯಿತು.

ಅಲ್ಲಿ ಕಲಿತ ಅತಿ ದೊಡ್ಡ ಪಾಠ ಏನೆಂದು ಯಾರಾದರೂ ಕೇಳಿದರೆ, ಎತ್ತಿದ ಕೈಯನ್ನು ಇಳಿಸುವುದು ಎನ್ನುತ್ತೇನೆ. ಪಿಸ್ತೂಲನ್ನು ಎತ್ತಿ, ಉಸಿರು ಅರ್ಧಕ್ಕೆ ನಿಲ್ಲಿಸಿ, ಎಂಟು ಹತ್ತು ಸೆಕೆಂಡು ಕಾದು, ಯಾಕೋ ಹದ ಬರಲಿಲ್ಲ ಎನಿಸಿದರೆ ಹಾರಿಸದೆ ಕೈ ಇಳಿಸಿಬಿಡಬೇಕು. ಹೊಸಬರಿಗೆ ಇದು ಬಹಳ ಕಷ್ಟ. ಇಷ್ಟು ಹೊತ್ತು ಹಿಡಿದಿದ್ದೇನಲ್ಲ, ಹೊಡೆದೇ ಬಿಡೋಣ ಎಂದು ಬೆರಳು ಅವಸರ ಮಾಡುತ್ತದೆ. ಹಾಗೆ ಹೊಡೆದ ಗುಂಡು ಏಳಕ್ಕೋ ಆರಕ್ಕೋ ಹೋಗಿ ಕೂರುತ್ತದೆ. ಕೈ ಇಳಿಸುವುದನ್ನು ಕಲಿತವರೇ ಒಳ್ಳೆಯ ಗುರಿಕಾರರು. ಇದನ್ನು ನಾನು ಬಹಳ ಬೇಗ ಮರೆತೆ ಎಂಬುದು ನೀಲಿ ಚುಕ್ಕೆಗಳ ದಿನವೇ ನನಗೆ ಗೊತ್ತಾದದ್ದು.

ಮರೆಸಿದ್ದು ಪ್ರಾಕ್ಟಿಕಲ್ ಶೂಟಿಂಗ್. ಒಮ್ಮೆ ರುಚಿ ಹತ್ತಿದರೆ ಬಿಡಿಸಿಕೊಳ್ಳುವುದು ಸುಲಭವಲ್ಲ. ಓಡುತ್ತಾ, ಬಾಗುತ್ತಾ, ಗೋಡೆಯ ಸಂದಿಯಿಂದ ಇಣುಕುತ್ತಾ, ಗುಂಡು ತುಂಬಿದ ಮ್ಯಾಗಜಿನ್ ಬದಲಿಸುತ್ತಾ ರಟ್ಟಿನ ಟಾರ್ಗೆಟ್‌ಗಳಿಗೂ ಉಕ್ಕಿನ ತಟ್ಟೆಗಳಿಗೂ ಹೊಡೆಯುತ್ತಾ ಹೋಗುವ ಪಂದ್ಯ. ಇಲ್ಲಿ ಅಂಕ ಎಷ್ಟು ಬಂತು ಎನ್ನುವುದಷ್ಟೇ ಮುಖ್ಯವಲ್ಲ. ಬಂದ ಅಂಕವನ್ನು ತೆಗೆದುಕೊಂಡ ಸೆಕೆಂಡುಗಳಿಂದ ಭಾಗಿಸುತ್ತಾರೆ. ಅದಕ್ಕೆ ಹಿಟ್ ಫ್ಯಾಕ್ಟರ್ ಎಂದು ಹೆಸರು. ನಡುಭಾಗಕ್ಕೆ ಬಿದ್ದರೆ 5 ಅಂಕ, ಹೊರಗೆ ಹೋದಂತೆ ಕಡಿಮೆ, ಪೂರ್ತಿ ತಪ್ಪಿದರೆ 10 ಅಂಕ ಕಡಿತ. ನಿಧಾನವಾಗಿ ಎಲ್ಲವನ್ನೂ ನಡುವಿಗೇ ಹೊಡೆದವರೂ ಸೋಲುತ್ತಾರೆ, ಅವಸರದಲ್ಲಿ ಚೆಲ್ಲಾಪಿಲ್ಲಿ ಹೊಡೆದವರೂ ಸೋಲುತ್ತಾರೆ. ಎರಡರ ನಡುವಿನ ಗೆರೆಯನ್ನು ದಿನದಿನವೂ ಹುಡುಕಬೇಕು. ಆ ಹುಡುಕಾಟವೇ ಆಟದ ಸೊಗಸು.

ಈ ಆಟ ಹುಟ್ಟಿದ್ದು ಹೇಗೆ ಎಂಬುದನ್ನು ತಿಳಿದರೆ, ಆಟ ಆಡುವವರಿಗೂ ಆತ್ಮರಕ್ಷಣೆ ಕಲಿಸುವವರಿಗೂ ಇಂದು ನಡೆಯುವ ಜಗಳ ನೋಡಿ ಬೇಸರವಾಗುತ್ತದೆ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಬಿಗ್ ಬೇರ್‌ನಲ್ಲಿ ಜೆಫ್ ಕೂಪರ್ ಎಂಬ ಮಾಜಿ ಸೈನಿಕ ಮತ್ತು ಅವರ ಗೆಳೆಯರು ಸೇರಿ ಪಿಸ್ತೂಲು ಪಂದ್ಯಗಳನ್ನು ನಡೆಸುತ್ತಿದ್ದರು. ಉದ್ದೇಶ ಸ್ಪಷ್ಟವಿತ್ತು: ಜೀವಕ್ಕೆ ಕುತ್ತು ಬಂದಾಗ ಪಿಸ್ತೂಲನ್ನು ಹೇಗೆ ಬಳಸಿದರೆ ಕೆಲಸಕ್ಕೆ ಬರುತ್ತದೆ ಎಂದು ಪರೀಕ್ಷಿಸಿ ನೋಡುವುದು. ಆಗ ಬಹಳ ಮಂದಿ ಸೊಂಟದ ಮಟ್ಟದಿಂದ, ಒಂದೇ ಕೈಯಲ್ಲಿ, ಸೈಟ್ ನೋಡದೆ ಹೊಡೆಯುತ್ತಿದ್ದರು. ಜ್ಯಾಕ್ ವೀವರ್ ಎಂಬ ಪೊಲೀಸ್ ಅಧಿಕಾರಿ ಎರಡು ಕೈಯಲ್ಲಿ ಹಿಡಿದು, ಕಣ್ಣಿನ ಮಟ್ಟಕ್ಕೆ ತಂದು, ಸೈಟ್ ನೋಡಿ ಹೊಡೆದು ಗೆಲ್ಲತೊಡಗಿದರು. ವಾದ ಮಾಡಿ ಎಂದೂ ಬಗೆಹರಿಯದ ಪ್ರಶ್ನೆ ಪಂದ್ಯದ ಕಣದಲ್ಲಿ ಬಗೆಹರಿಯಿತು. 1976ರಲ್ಲಿ ಮಿಸ್ಸೌರಿಯ ಕೊಲಂಬಿಯಾದಲ್ಲಿ ಐಪಿಎಸ್‌ಸಿ ಎಂಬ, ಪ್ರಾಕ್ಟಿಕಲ್ ಶೂಟಿಂಗ್ ಆಟದ ಅಂತರರಾಷ್ಟ್ರೀಯ ಸಂಸ್ಥೆ ಹುಟ್ಟಿತು, ಕೂಪರ್ ಅದರ ಮೊದಲ ಅಧ್ಯಕ್ಷರಾದರು. ನಿಖರತೆ, ಬಲ, ವೇಗ ಎಂಬ ಅರ್ಥ ಬರುವ ಮೂರು ಲ್ಯಾಟಿನ್ ಪದಗಳು ಅದರ ಧ್ಯೇಯವಾಕ್ಯ. ಅದೇ ವರ್ಷ ಅವರು ಅರಿಜೋನಾದಲ್ಲಿ ಆತ್ಮರಕ್ಷಣೆಯ ಪಿಸ್ತೂಲು ಶಾಲೆಯನ್ನೂ ಕಟ್ಟಿದರು. ಆಟ ಮತ್ತು ತರಬೇತಿ ಒಂದೇ ತಾಯಿಯ ಮಕ್ಕಳು.

ಆಮೇಲೆ ದಾರಿ ಕವಲೊಡೆಯಿತು. ಗೆಲ್ಲಬೇಕೆಂಬ ಹಟ ಎಲ್ಲಿದೆಯೋ ಅಲ್ಲಿ ಸಲಕರಣೆ ಬೆಳೆಯುತ್ತದೆ. ಗುಂಡು ಹಾರಿದಾಗಿನ ಒದೆತವನ್ನು ತಗ್ಗಿಸುವ ಕಾಂಪೆನ್ಸೇಟರ್, ಕೆಂಪು ಚುಕ್ಕೆಯ ಸೈಟ್, ಮುಟ್ಟಿದರೆ ಸಾಕು ಎನ್ನುವಷ್ಟು ಹಗುರ ಟ್ರಿಗರ್, ಸೊಂಟದ ಸುತ್ತ ಸಾಲುಗಟ್ಟಿದ ಮ್ಯಾಗಜಿನ್. ದಿನವೂ ಬಟ್ಟೆಯ ಒಳಗೆ ಇಟ್ಟುಕೊಂಡು ಓಡಾಡಲು ಆಗದ ಪಿಸ್ತೂಲುಗಳು ಬಂದವು. ಐಪಿಎಸ್‌ಸಿ ತನ್ನನ್ನು ಕ್ರೀಡೆಯೆಂದೇ ಗುರುತಿಸಿಕೊಂಡಿತು. ಟಾರ್ಗೆಟ್‌ನಲ್ಲಿ ಮನುಷ್ಯನ ಆಕಾರ ಕಾಣಬಾರದೆಂದು ತಲೆಯಿಲ್ಲದ, ಮೂಲೆ ಕತ್ತರಿಸಿದ ರಟ್ಟನ್ನು ತಂದಿತು. ಇದು ನನಗೆ ಗೌರವದ ನಡೆ ಎನಿಸುತ್ತದೆ. ಇದರಿಂದ ಅಸಮಾಧಾನಗೊಂಡ ಕೆಲವು ಹಿರಿಯ ಶೂಟರ್‌ಗಳು 1996ರಲ್ಲಿ ಐಡಿಪಿಎ ಎಂಬ ಇನ್ನೊಂದು ಪಂದ್ಯ ಪದ್ಧತಿ ಕಟ್ಟಿದರು: ನಿತ್ಯ ಬಳಕೆಯ ಪಿಸ್ತೂಲು, ಅದನ್ನು ಮುಚ್ಚುವ ಮೇಲಂಗಿ, ಮರೆಯಲ್ಲಿ ನಿಂತೇ ಹೊಡೆಯಬೇಕೆಂಬ ನಿಯಮ. ಒಳ್ಳೆಯ ಪ್ರಯತ್ನ. ಆದರೆ ಬೀಪ್ ಕೊಟ್ಟು ಪ್ರತಿ ಗುಂಡಿನ ಸಮಯ ದಾಖಲಿಸುವ ಟೈಮರ್ ಮತ್ತು ಅಂಕಪಟ್ಟಿ ಇದ್ದ ಕಡೆ ಅದೂ ಆಟವೇ ಆಗುತ್ತದೆ. ಪಂದ್ಯಕ್ಕೆಂದೇ ಹೊಲಿಸಿದ ಮೇಲಂಗಿಗಳು ಬಂದದ್ದನ್ನು ನಾನೇ ಕಂಡಿದ್ದೇನೆ.

ಆತ್ಮರಕ್ಷಣೆ ಕಲಿಸುವವರಲ್ಲಿ ಕೆಲವರು "ಆಟ ಆಡಿದರೆ ಬೀದಿಯಲ್ಲಿ ಸಾಯ್ತೀರಿ" ಎನ್ನುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ, ಫೋನು ಹಿಡಿದವರಿಗೆ ಹೊಡೆದ ಮೇಲೂ ಒಪ್ಪುವುದಿಲ್ಲ. ಎರಡು ದಿನದ ಶಿಬಿರ ಮುಗಿಸಿ ಪ್ರಮಾಣಪತ್ರ ಹಿಡಿದು ಬಂದವರು ಮೊದಲ ಸಲ ಪಂದ್ಯಕ್ಕೆ ನಿಂತಾಗ ಏನಾಗುತ್ತದೆಂದು ಬಹಳ ಸಲ ನೋಡಿದ್ದೇನೆ. ಹಿಂದೆ ಇಪ್ಪತ್ತು ಜನ ನೋಡುತ್ತಿದ್ದಾರೆ, ಕಿವಿಯ ಹತ್ತಿರ ಟೈಮರ್ ಹಿಡಿದ ರೇಂಜ್ ಆಫೀಸರ್ ನಿಂತಿದ್ದಾರೆ, ಅಷ್ಟಕ್ಕೇ ಬಾಯಿ ಒಣಗುತ್ತದೆ. ಮ್ಯಾಗಜಿನ್ ತಲೆಕೆಳಗಾಗಿ ತುರುಕುತ್ತಾರೆ. ಏಳು ಮೀಟರ್ ದೂರದ ರಟ್ಟಿಗೂ ಗುಂಡು ತಾಗುವುದಿಲ್ಲ. ನೋಡುವ ಕಣ್ಣುಗಳಿಗೇ ಕೈಕಾಲು ಆಡದವರು ಪ್ರಾಣಕ್ಕೆ ಬಂದಾಗ ಆಡಿಸುತ್ತಾರೆಂದು ನಂಬುವುದು ಹೇಗೆ? ಗುರಿ ತಪ್ಪಿದ ಗುಂಡು ಗಾಳಿಯಲ್ಲಿ ಕರಗುವುದಿಲ್ಲ. ಆಡಿದ ಮಾತು, ಬಿಟ್ಟ ಬಾಣ ಎನ್ನುತ್ತೇವಲ್ಲ, ಅದು ಎಲ್ಲೋ ಒಂದು ಕಡೆ ಹೋಗಿ ತಾಗಿಯೇ ತಾಗುತ್ತದೆ.

ಸ್ಪರ್ಧೆ ಸುಳ್ಳು ಹೇಳಲು ಬಿಡುವುದಿಲ್ಲ. ನನ್ನ ಪಿಸ್ತೂಲು ಸೊಂಟದ ಒರೆಯಾದ ಹೋಲ್ಸ್ಟರ್‌ನಿಂದ ಹೊರಬಂದು ಮೊದಲ ಗುಂಡು ಹಾರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ನನ್ನ ಅಂದಾಜಿನ ವಿಷಯವಲ್ಲ, ಟೈಮರ್‌ನ ಪರದೆಯ ಮೇಲಿರುವ ಅಂಕಿ. ಸೋತವರು ಮನೆಗೆ ಹೋಗಿ ಗುಂಡಿಲ್ಲದ ಪಿಸ್ತೂಲಿನಲ್ಲಿ ಡ್ರೈ ಫೈರ್ ಮಾಡುತ್ತಾರೆ, ದಿನಕ್ಕೆ ಹದಿನೈದು ನಿಮಿಷ, ತಿಂಗಳುಗಟ್ಟಲೆ. ಈ ಹಟವನ್ನು ಯಾವ ಶಿಬಿರವೂ ಕೊಡಲಾರದು. ಹಂಗೇರಿಯ ಕರೋಯ್ ತಕಾಚ್ ಅವರನ್ನು ನೆನೆಸಿಕೊಳ್ಳಿ. ಸೈನಿಕ. 1938ರಲ್ಲಿ ಕೈಬಾಂಬು ಸಿಡಿದು ಗುಂಡು ಹಾರಿಸುವ ಬಲಗೈ ಹಾಳಾಯಿತು. ಯಾರಿಗೂ ಹೇಳದೆ ಎಡಗೈಯಲ್ಲಿ ಅಭ್ಯಾಸ ಮಾಡಿ, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲಿನ ಚಿನ್ನ ಗೆದ್ದರು, 1952ರಲ್ಲಿ ಹೆಲ್ಸಿಂಕಿಯಲ್ಲಿ ಮತ್ತೆ ಗೆದ್ದರು. ಕೈಗೆ ಇಷ್ಟು ಕಲಿಸಬಲ್ಲ ಕ್ರೀಡೆಯನ್ನು ಬರಿಯ ಆಟ ಎಂದು ತಳ್ಳಿಹಾಕುವವರ ಹತ್ತಿರ ನನಗೆ ವಾದ ಬೇಡ.

ಸುರಕ್ಷತೆಯ ವಿಷಯದಲ್ಲೂ ಅಷ್ಟೆ. ಬೆರಳು ಯಾವಾಗ ಟ್ರಿಗರ್ ಮೇಲಿರಬೇಕು, ನಳಿಕೆಯ ಬಾಯಿ ಯಾವ ಕಡೆ ತಿರುಗಿರಬೇಕು ಎಂಬುದನ್ನು ಪಂದ್ಯದಲ್ಲಿ ಒಬ್ಬರು ಹೆಜ್ಜೆ ಹೆಜ್ಜೆಗೂ ನೋಡುತ್ತಾರೆ. ಒಂದು ಸಲ ಗೆರೆ ದಾಟಿದರೆ ಆ ದಿನದ ಪಂದ್ಯ ಅಲ್ಲಿಗೇ ಮುಗಿಯಿತು. ವಿಶ್ವ ಚಾಂಪಿಯನ್ ಆದರೂ ಪೆಟ್ಟಿಗೆ ಕಟ್ಟಿಕೊಂಡು ಹೊರಡಬೇಕು. ಮುಗಿಸಿದ ಮೇಲೆ ಪಿಸ್ತೂಲು ಖಾಲಿ ಮಾಡಿ, ತೋರಿಸಿ, ಹೋಲ್ಸ್ಟರ್‌ಗೆ ಹಾಕುವ ವಿಧಿಗೆ ವಿನಾಯಿತಿಯೇ ಇಲ್ಲ. ನನ್ನ ಕೈಗೆ ಬಂದಿರುವ ಶಿಸ್ತೆಲ್ಲ ಈ ಭಯದಿಂದ ಬಂದದ್ದು.

ಹಾಗಾದರೆ ಆ ಕೋಣೆಯಲ್ಲಿ ನನಗೆ ಆದದ್ದೇನು?

ಪಂದ್ಯದ ಮೊದಲ ಕ್ಷಣವನ್ನು ಹತ್ತಿರದಿಂದ ನೋಡೋಣ. ಹೊಡೆಯುವ ಮೊದಲೇ ಸ್ಟೇಜನ್ನು, ಅಂದರೆ ಪಂದ್ಯದ ಆ ಸುತ್ತಿಗೆ ಸಜ್ಜುಮಾಡಿದ ಕಣವನ್ನು, ನಡೆದು ನೋಡಲು ನಮಗೆ ಅವಕಾಶವಿದೆ. ಯಾವ ಟಾರ್ಗೆಟ್ ಎಲ್ಲಿದೆ, ಎಲ್ಲಿ ನಿಂತರೆ ಎಷ್ಟು ಕಾಣುತ್ತದೆ, ಎಲ್ಲಿ ಮ್ಯಾಗಜಿನ್ ಬದಲಿಸಬೇಕು, ಎಲ್ಲವನ್ನೂ ಬೆರಳು ಚಾಚಿ ಎಣಿಸುತ್ತೇವೆ, ಕಣ್ಣು ಮುಚ್ಚಿ ಮನಸ್ಸಿನಲ್ಲೇ ಹತ್ತು ಸಲ ಓಡುತ್ತೇವೆ. ಆಮೇಲೆ ಗೆರೆಯ ಮೇಲೆ ನಿಲ್ಲುತ್ತೇವೆ. ರೇಂಜ್ ಆಫೀಸರ್ "ಆರ್ ಯು ರೆಡಿ?" ಎನ್ನುತ್ತಾರೆ. ತಲೆ ಆಡಿಸುತ್ತೇವೆ. "ಸ್ಟ್ಯಾಂಡ್ ಬೈ." ಅಲ್ಲಿಂದ ಒಂದರಿಂದ ನಾಲ್ಕು ಸೆಕೆಂಡಿನ ಒಳಗೆ ಬೀಪ್. ಆ ನಡುವಿನ ಮೌನದಲ್ಲಿ ಮೈಯೆಲ್ಲ ಕಿವಿಯಾಗಿರುತ್ತದೆ.

ಬೀಪ್ ಬಂದರೆ ಹೊಡೆಯಬೇಕು. ಹೊಡೆಯಬೇಕೋ ಬೇಡವೋ ಎಂಬುದನ್ನು ನಾನು ಯೋಚಿಸಬೇಕಾಗಿಲ್ಲ. ಪಂದ್ಯ ಏರ್ಪಡಿಸಿದವರು ನನ್ನ ಪರವಾಗಿ ಅದನ್ನು ಮೊದಲೇ ತೀರ್ಮಾನಿಸಿದ್ದಾರೆ. 11 ವರ್ಷ, ಸಾವಿರಾರು ಬೀಪ್. ಒಂದು ಸಲವಾದರೂ ಬೀಪ್ ಬಂದು ನಾನು ಹೊಡೆಯದೆ ನಿಂತದ್ದಿಲ್ಲ. ಹೊಡೆಯಬಾರದ ಟಾರ್ಗೆಟ್‌ಗಳು ಪಂದ್ಯದಲ್ಲೂ ಇವೆ, ನಿಜ. ಆದರೆ ಅವು ಬಣ್ಣದಿಂದಲೇ ಗೊತ್ತಾಗುತ್ತವೆ, ಮೊದಲೇ ನೋಡಿಟ್ಟುಕೊಂಡಿರುತ್ತೇವೆ, ಅಲುಗಾಡುವ ಮನುಷ್ಯನ ಅನುಮಾನ ಅವುಗಳಲ್ಲಿಲ್ಲ. ಅದಕ್ಕೆ ತಾಗಿದರೆ 10 ಅಂಕ ಹೋಗುತ್ತದೆ. ಹತ್ತು ಅಂಕವನ್ನು ಮುಂದಿನ ಸ್ಟೇಜಿನಲ್ಲಿ ದುಡಿದು ತರಬಹುದು.

ಕೋಣೆಯಲ್ಲಿ ಬೀಪ್ ಇರಲಿಲ್ಲ. ಹಾಗಾಗಿ ನನ್ನ ಮೈ ಇನ್ನೊಂದನ್ನು ಬೀಪ್ ಮಾಡಿಕೊಂಡಿತು: ಸರಕ್ಕನೆ ತಿರುಗಿದ ಮನುಷ್ಯ, ಮೇಲೆ ಬಂದ ಕೈ. ಅದು ಸಂಜ್ಞೆಯಾಯಿತು, ಉಳಿದದ್ದನ್ನು ಕೈ ಪೂರೈಸಿತು. ನಡುವೆ ಇರಬೇಕಾದ ಒಂದು ಕೆಲಸ, ನೋಡಿ ತಿಳಿಯುವ ಕೆಲಸ, ನನ್ನ ಅಭ್ಯಾಸದಲ್ಲಿ ಎಂದೂ ಇರಲೇ ಇಲ್ಲ. ಒಂದೇ ಸಂಜ್ಞೆಗೆ ಒಂದೇ ಉತ್ತರ ಕೊಡುವಾಗ ಮನುಷ್ಯ ಬಹಳ ಬೇಗ ಕೊಡುತ್ತಾನೆ. ಆಯ್ಕೆಗಳು ಹೆಚ್ಚಿದಂತೆ ಹೊತ್ತೂ ಹೆಚ್ಚುತ್ತದೆ; 1952ರಲ್ಲಿ ಹಿಕ್ ಎಂಬ ಮನಶ್ಶಾಸ್ತ್ರಜ್ಞರು ಅಳೆದು ತೋರಿಸಿದ್ದು ಇದನ್ನೇ. ನಾನು ಇಷ್ಟು ವೇಗ ಗಳಿಸಿದ್ದು ಆಯ್ಕೆಗಳನ್ನು ಒಂದಕ್ಕೆ ಇಳಿಸಿಕೊಂಡು. ನನ್ನ ವೇಗದ ಒಂದು ಪಾಲು ಯೋಚನೆಯನ್ನು ಬಿಟ್ಟುಕೊಟ್ಟು ಕೊಂಡದ್ದು ಎಂದು ತಿಳಿದಾಗ ಎದೆ ಧಸಕ್ಕೆಂದಿತು.

ಇಲ್ಲಿ ನನಗೆ ಮ್ಯಾಥ್ಯೂ ಎಮನ್ಸ್ ನೆನಪಾಗುತ್ತಾರೆ. 2004ರ ಅಥೆನ್ಸ್ ಒಲಿಂಪಿಕ್ಸ್, 50 ಮೀಟರ್ ರೈಫಲ್ ಮೂರು ಭಂಗಿಗಳ ಫೈನಲ್. ಕೊನೆಯ ಒಂದು ಗುಂಡು ಬಾಕಿ, ಅಮೆರಿಕದ ಎಮನ್ಸ್ ಎಲ್ಲರಿಗಿಂತ ಮುಂದಿದ್ದರು. ಸಾಧಾರಣ ಹೊಡೆತವೊಂದು ಬಿದ್ದರೂ ಚಿನ್ನ ಅವರದೇ. ಹೊಡೆದರು. ಅವರ ಪರದೆಯ ಮೇಲೆ ಏನೂ ಬರಲಿಲ್ಲ. ಎರಡನೆಯ ಜಾಗದಲ್ಲಿ ನಿಂತಿದ್ದ ಅವರು ಪಕ್ಕದ ಮೂರನೆಯ ಜಾಗದ ಟಾರ್ಗೆಟ್‌ಗೆ ಹೊಡೆದಿದ್ದರು. ಸೊನ್ನೆ. ಎಂಟನೆಯ ಸ್ಥಾನಕ್ಕೆ ಜಾರಿದರು. ಆ ಹೊಡೆತದಲ್ಲಿ ಉಸಿರು, ಬೆರಳು, ಸೈಟ್ ಎಲ್ಲವೂ ಸರಿಯಾಗಿಯೇ ಇದ್ದಿರಬೇಕು. ಯಾವುದಕ್ಕೆ ಹೊಡೆಯುತ್ತಿದ್ದೇನೆ ಎಂಬ ಒಂದೇ ಒಂದು ನೋಟ ತಪ್ಪಿತ್ತು. ಪದಕವೊಂದು ಕೈಜಾರಿದ ದುಃಖವನ್ನು ಅವರು ಘನತೆಯಿಂದ ಹೊತ್ತುಕೊಂಡರು, ಮುಂದೆಯೂ ಪದಕ ಗೆದ್ದರು. ಪ್ಲೈವುಡ್ ಮನೆಯಲ್ಲಿ ಬಣ್ಣವಿದ್ದ ಕಡೆ ಸೀಸವಿದ್ದಿದ್ದರೆ ನನಗೆ ಅಂಥ ಇನ್ನೊಂದು ಅವಕಾಶ ಇರುತ್ತಿರಲಿಲ್ಲ. ಎದುರಿಗಿದ್ದವರಿಗಂತೂ ಏನೂ ಇರುತ್ತಿರಲಿಲ್ಲ.

ಕೂಪರ್ ಹೇಳಿಕೊಟ್ಟ ನಾಲ್ಕು ಸುರಕ್ಷತಾ ನಿಯಮಗಳಲ್ಲಿ ಕೊನೆಯದು ಇದೇ: ಗುರಿ ಏನೆಂದು ಖಚಿತ ಮಾಡಿಕೊ, ಅದರ ಹಿಂದೆ ಏನಿದೆ ಎಂದೂ ನೋಡಿಕೋ. ಮೊದಲ ಮೂರನ್ನು ಪಂದ್ಯ ನನ್ನ ಮೈಗೆ ಹಚ್ಚಿತ್ತು. ನಾಲ್ಕನೆಯದನ್ನು ರೇಂಜಿನ ಮಣ್ಣಿನ ದಿಬ್ಬ ನನ್ನ ಪರವಾಗಿ ಪಾಲಿಸುತ್ತಿತ್ತು. ತಪ್ಪಿದ ಗುಂಡನ್ನೆಲ್ಲ ದಿಬ್ಬ ನುಂಗಿಕೊಳ್ಳುತ್ತದೆ. ಹಿಂದೆ ಯಾರಿದ್ದಾರೆ ಎಂದು ನೋಡುವ ಪ್ರಮೇಯವೇ ಇಲ್ಲ. ಮನೆಯೊಂದರಲ್ಲಿ ದಿಬ್ಬವಿರುವುದಿಲ್ಲ. ತೆಳು ಗೋಡೆಯನ್ನು ಪಿಸ್ತೂಲಿನ ಗುಂಡು ಸಲೀಸಾಗಿ ದಾಟುತ್ತದೆ, ಗೋಡೆಯ ಆಚೆ ಮಂಚವಿರಬಹುದು. ಪಂದ್ಯದಲ್ಲಿ ಅಪಾಯದ ದಿಕ್ಕು ಹಿಂದಿನದು, ಸುರಕ್ಷಿತ ದಿಕ್ಕು ಮುಂದಿನದು. ಹೊರಗಿನ ಬದುಕಿನಲ್ಲಿ ಆ ಗೆರೆಯನ್ನು ಯಾರೂ ಎಳೆದುಕೊಟ್ಟಿರುವುದಿಲ್ಲ.

ಆತ್ಮರಕ್ಷಣೆಯ ತರಬೇತಿ ಎಂದರೆ ಇನ್ನೂ ವೇಗವಾಗಿ, ಇನ್ನೂ ಹತ್ತಿರದಿಂದ ಹೊಡೆಯುವುದನ್ನು ಕಲಿಸುತ್ತಾರೆ ಎಂದುಕೊಂಡೇ ನಾನು ಸೇರಿದ್ದು. ಮೊದಲ ದಿನ ಪೂರ್ತಿ ಪಿಸ್ತೂಲನ್ನು ಮುಟ್ಟಲೇ ಬಿಡಲಿಲ್ಲ. ಕಾನೂನು ಹೇಳಿದರು. ಅದು ದೇಶದಿಂದ ದೇಶಕ್ಕೆ ಬೇರೆ, ಆದರೆ ಬೇರೆ ದಾರಿಯೇ ಇರಲಿಲ್ಲವೇ ಎಂಬ ಪ್ರಶ್ನೆ ಬಹಳ ಕಡೆ ಒಂದಲ್ಲ ಒಂದು ರೂಪದಲ್ಲಿ ಎದುರಾಗುತ್ತದೆ. ದೂರದ ಬಗ್ಗೆ ಹೇಳಿದರು. 1983ರಲ್ಲಿ ಸಾಲ್ಟ್ ಲೇಕ್ ಸಿಟಿಯ ಡೆನ್ನಿಸ್ ಟುಲರ್ ಎಂಬ ಪೊಲೀಸ್ ತರಬೇತುದಾರರು ಅಳೆದು ಬರೆದ ವಿಷಯ: ಚಾಕು ಹಿಡಿದವರು 21 ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ಓಡಿ ಮುಟ್ಟುತ್ತಾರೆ. ಅದನ್ನು ಬಹಳ ಮಂದಿ "21 ಅಡಿಯೊಳಗೆ ಬಂದರೆ ಹೊಡೆಯಬಹುದು" ಎಂಬ ನಿಯಮದಂತೆ ತಿರುಚಿ ಹೇಳುತ್ತಾರೆ. ಇದು ಅಪಾಯಕಾರಿ ತಪ್ಪು. ಆ ಅಳತೆ ಕೊಡುವುದು ಅನುಮತಿಯನ್ನಲ್ಲ, ಎಚ್ಚರಿಕೆಯನ್ನು: ದೂರ ಇಟ್ಟುಕೊ, ನಡುವೆ ಏನಾದರೂ ಅಡ್ಡ ಇರಲಿ, ಕಾಲು ಮೊದಲು ಕೆಲಸ ಮಾಡಲಿ.

ಎರಡನೆಯ ದಿನ ನಮಗೆ ಕಲಿಸಿದ್ದು ಕೂಗುವುದನ್ನು. ಇದು ಸುಲಭವೆಂದು ತೋರಬಹುದು. ಸಾಲಾಗಿ ನಿಲ್ಲಿಸಿ, "ನಿಲ್ಲಿ! ಹಿಂದೆ ಸರಿಯಿರಿ! ಕೈ ಕಾಣಿಸಲಿ!" ಎಂದು ಎದುರಿಗಿದ್ದವರ ಮುಖ ನೋಡಿ ಕೂಗಲು ಹೇಳಿದರು. ಹನ್ನೆರಡು ಜನರಲ್ಲಿ ಒಂಬತ್ತು ಜನಕ್ಕೆ ದನಿ ಬರಲಿಲ್ಲ, ನನಗೂ ಬರಲಿಲ್ಲ. ಪಂದ್ಯದಲ್ಲಿ 11 ವರ್ಷ ಬಾಯಿ ಮುಚ್ಚಿಕೊಂಡೇ ಹೊಡೆದವರಿಗೆ ಗಂಟಲೂ ಒಂದು ಸಾಧನವೆಂದು ಎಲ್ಲಿಂದ ಗೊತ್ತಾಗಬೇಕು? ಕೂಗುವಾಗ ಒಂದು ಉಸಿರು ಹೊರಗೆ ಹೋಗುತ್ತದೆ, ಆ ಉಸಿರಿನಷ್ಟು ಹೊತ್ತು ಎದುರಿಗಿದ್ದವರಿಗೂ ಸಿಗುತ್ತದೆ, ನಮಗೂ ಸಿಗುತ್ತದೆ. ಆ ಹೊತ್ತಿನಲ್ಲಿ ಕಣ್ಣು ಅವರ ಕೈಗಳಿಗೆ ಹೋಗಬೇಕು. ಮುಖಕ್ಕಲ್ಲ, ಕೈಗಳಿಗೆ. ಏನು ಹಿಡಿದಿದೆ ಎಂದು ಹೆಸರು ಹೇಳಿಕೊಳ್ಳಬೇಕು: ಚಾಕು, ಫೋನು, ಪರ್ಸು, ಖಾಲಿ. "ಏನೋ" ಎಂಬ ಉತ್ತರಕ್ಕೆ ಟ್ರಿಗರ್ ಮುಟ್ಟುವ ಹಕ್ಕಿಲ್ಲ.

ಉಳಿದದ್ದರಲ್ಲಿ ಹೆಚ್ಚಿನದು ಗುಂಡಿಗೆ ಸಂಬಂಧಿಸಿದ್ದಲ್ಲವೇ ಅಲ್ಲ. ಜಗಳವಾಗುವ ಜಾಗದಿಂದ ಮೊದಲೇ ಹೊರಟುಬಿಡುವುದು, ಮನೆಯ ಒಳಗೆ ಸದ್ದಾದರೆ ಹುಡುಕಿಕೊಂಡು ಹೋಗದೆ ಒಂದು ಕೋಣೆಯಲ್ಲಿ ಬಾಗಿಲು ಹಾಕಿ ಪೊಲೀಸರಿಗೆ ಫೋನ್ ಮಾಡುವುದು, ರಕ್ತ ಸುರಿಯುತ್ತಿದ್ದರೆ ಅದನ್ನು ತಡೆಯುವ ಪಟ್ಟಿ (ಟೂರ್ನಿಕೆ) ಬಿಗಿಯುವುದು, ಬಂದ ಪೊಲೀಸರಿಗೆ ನಾವೇ ಅಪಾಯಕಾರಿಯಂತೆ ಕಾಣದ ಹಾಗೆ ಕೈ ಖಾಲಿ ಮಾಡಿಕೊಂಡು ನಿಲ್ಲುವುದು. ಮೈ ಹೆದರಿದಾಗ ಸುತ್ತಲಿನ ನೋಟ ಕೊಳವೆಯಂತೆ ಕಿರಿದಾಗುತ್ತದೆ, ಕಿವಿ ಕೇಳಿಸದಂತಾಗುತ್ತದೆ, ಹೊತ್ತು ಎಳೆದಂತೆ ಭಾಸವಾಗುತ್ತದೆ ಎಂದು ಓದಿದ್ದೆ. ಪ್ಲೈವುಡ್ ಮನೆಯಲ್ಲಿ ಅದು ನಿಜವೆಂದು ತಿಳಿಯಿತು: ನಾನು ಹಾರಿಸಿದ ಎರಡು ಗುಂಡುಗಳ ಸದ್ದು ನನಗೆ ನೆನಪೇ ಇಲ್ಲ.

ಅಭ್ಯಾಸದ ಬಗ್ಗೆ ತರಬೇತಿಯ ಕಡೆಯವರು ಸದಾ ಹೇಳುವ ಒಂದು ಕಥೆಯಿದೆ. 1970ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ನ್ಯೂಹಾಲ್‌ನಲ್ಲಿ ನಾಲ್ವರು ಹೆದ್ದಾರಿ ಪೊಲೀಸರು ಗುಂಡಿನ ಕಾಳಗದಲ್ಲಿ ಸತ್ತರು. ಅವರಲ್ಲಿ ಒಬ್ಬರು, ರೇಂಜಿನ ರೂಢಿಯಂತೆ, ಖಾಲಿ ತೋಟಾಗಳನ್ನು ಜೇಬಿಗೆ ಹಾಕಿಕೊಳ್ಳುತ್ತಾ ಹೊತ್ತು ಕಳೆದರು ಎಂದು ದಶಕಗಳ ಕಾಲ ಕಲಿಸಲಾಯಿತು. ಆಮೇಲೆ ದಾಖಲೆಗಳನ್ನು ಕೂಲಂಕಷವಾಗಿ ನೋಡಿದವರು ಅದು ಹಾಗೆ ನಡೆಯಲಿಲ್ಲ ಎಂದಿದ್ದಾರೆ. ಪ್ರಾಣ ಕೊಟ್ಟವರ ಮೇಲೆ ಸುಳ್ಳು ಹೊರಿಸಿ ಪಾಠ ಹೇಳುವುದು ಸರಿಯಲ್ಲ, ಈ ಕಥೆಯನ್ನು ಇನ್ನಾದರೂ ಬಿಡಬೇಕು. ರೂಢಿ ಕೈ ಹಿಡಿದು ನಡೆಸುತ್ತದೆ ಎಂಬುದಕ್ಕೆ ನನಗೆ ಬೇರೆಯವರ ಉದಾಹರಣೆ ಬೇಕಾಗಿಲ್ಲ. ಸಹಪಾಠಿಯ ಅಂಗಿಯ ಮೇಲಿನ ನೀಲಿ ಬಣ್ಣ ಸಾಕು.

ಪಂದ್ಯವನ್ನು ನಾನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಅಭ್ಯಾಸದ ರೀತಿಯನ್ನು ಬದಲಿಸಿಕೊಂಡಿದ್ದೇನೆ. ವಾರದಲ್ಲಿ ಒಂದು ದಿನ ಗೆಳತಿಯೊಬ್ಬರು ನನ್ನ ಜೊತೆ ರೇಂಜಿಗೆ ಬರುತ್ತಾರೆ. ನಾನು ಬೆನ್ನು ತಿರುಗಿಸಿ ನಿಂತಿರುವಾಗ ಅವರು ಟಾರ್ಗೆಟ್‌ಗಳ ಮೇಲೆ ಚಿತ್ರ ಅಂಟಿಸುತ್ತಾರೆ: ಒಂದರಲ್ಲಿ ಕೈಯಲ್ಲಿ ಚಾಕು, ಒಂದರಲ್ಲಿ ಕೊಡೆ, ಒಂದರಲ್ಲಿ ಖಾಲಿ ಕೈ. ಕೆಲವು ಸಲ ಒಂದಕ್ಕೂ ಹೊಡೆಯುವ ಹಾಗಿರುವುದಿಲ್ಲ. ಬೀಪ್ ಬರುತ್ತದೆ, ತಿರುಗುತ್ತೇನೆ, ನೋಡುತ್ತೇನೆ, ಕೈ ಹೋಲ್ಸ್ಟರ್ ಮುಟ್ಟದೆ ಅಲ್ಲೇ ನಿಲ್ಲುತ್ತದೆ. ಮೊದಮೊದಲು ಆ ನಿಂತ ಕೈ ನಡುಗುತ್ತಿತ್ತು. ಸಾವಿರಾರು ಬೀಪ್‌ಗಳ ಸಾಲ ಅದು. ತೀರಿಸಲು ಎಷ್ಟೋ ವಾರ ಹಿಡಿಯಿತು. ಪಂದ್ಯದ ಫಲಿತಾಂಶವೂ ಮೊದಲು ಸ್ವಲ್ಪ ಕುಸಿಯಿತು, ಈಗ ಚೇತರಿಸಿಕೊಂಡಿದೆ. ಗೆಳತಿ ಇದನ್ನು ಒಪ್ಪುವುದಿಲ್ಲ. ಎರಡನ್ನೂ ಬೆರೆಸಿದರೆ ಎರಡೂ ಕೆಡುತ್ತವೆ, ಪಂದ್ಯದ ದಿನ ಪಂದ್ಯ, ತರಬೇತಿಯ ದಿನ ತರಬೇತಿ ಎನ್ನುತ್ತಾರೆ. ಪದಕ ಗೆಲ್ಲಬೇಕೆಂದಿರುವ ಹುಡುಗ ಹುಡುಗಿಯರಿಗೆ ಅವರ ಮಾತೇ ಸರಿ ಇರಬಹುದು. ಮನೆಯಲ್ಲಿ ಪಿಸ್ತೂಲು ಇಟ್ಟುಕೊಂಡವರಿಗೆ ಆ ಮಾತು ನನಗೆ ಸಾಲದು ಎನಿಸುತ್ತದೆ.

ಎಂಟು ತಿಂಗಳ ಮೇಲೆ ಮತ್ತೆ ಆ ಪ್ಲೈವುಡ್ ಮನೆಗೆ ಹೋದೆ. ಅದೇ ತರಬೇತುದಾರರು. ಕೋಣೆಗಳ ಗೋಡೆಗಳನ್ನು ಬೇರೆ ರೀತಿ ಜೋಡಿಸಿದ್ದರು. ಈ ಸಲ ಬಾಗಿಲನ್ನು ತಳ್ಳಿ ಒಳಗೆ ಹೋಗಲಿಲ್ಲ, ಚೌಕಟ್ಟಿನ ಪಕ್ಕದಲ್ಲೇ ನಿಂತು ಒಂದೊಂದು ಅಂಗುಲವಾಗಿ ಒಳಗಿನದನ್ನು ಕಣ್ಣಿಗೆ ತಂದುಕೊಂಡೆ. ಮೇಜಿನ ಆಚೆ ಒಬ್ಬರು ನಿಂತಿದ್ದರು. ನನ್ನನ್ನು ಕಂಡದ್ದೇ ಗಟ್ಟಿಯಾಗಿ ಬೈಯತೊಡಗಿದರು, ಎರಡು ಹೆಜ್ಜೆ ಮುಂದೆ ಬಂದರು, ಬಲಗೈ ಜಾಕೆಟ್ಟಿನೊಳಗೆ ಹೋಯಿತು. ನನ್ನ ಗಂಟಲಿನಿಂದ ದನಿ ಹೊರಟಿತು, ನನಗೇ ಗುರುತು ಸಿಗದಷ್ಟು ದೊಡ್ಡದಾಗಿ: "ನಿಲ್ಲಿ! ಕೈ ಕಾಣಿಸಲಿ!" ಪಿಸ್ತೂಲು ಕೈಯಲ್ಲಿತ್ತು, ನೆಲದ ಕಡೆ ತಿರುಗಿತ್ತು, ಬೆರಳು ಟ್ರಿಗರ್‌ನ ಹೊರಗಿತ್ತು. ಅವರ ಕೈ ಹೊರಗೆ ಬಂತು. ನಾನು ಒಂದು ಹೆಜ್ಜೆ ಹಿಂದಿಟ್ಟೆ. ಅವರು ಬೈಯುತ್ತಲೇ ಇನ್ನೊಂದು ಬಾಗಿಲಿನಿಂದ ಹೊರಟುಹೋದರು. ಹೆಜ್ಜೆಯ ಸದ್ದು ದೂರವಾಗುವವರೆಗೂ ನಾನು ಅಲ್ಲೇ ನಿಂತಿದ್ದೆ. ಈ ಸಲ ಎಲ್ಲವೂ ಕೇಳಿಸುತ್ತಿತ್ತು.

ಸೀಟಿ ಊದಿತು. ತರಬೇತುದಾರರು ಒಳಗೆ ಬಂದರು, ಸೊಂಟದಲ್ಲಿದ್ದ ಟೈಮರ್ ನೋಡಿದರು. ಅದರಲ್ಲಿ ಒಂದು ಗುಂಡೂ ದಾಖಲಾಗಿರಲಿಲ್ಲ.

"ಅವರ ಕೈಯಲ್ಲಿ ಏನಿತ್ತು?" ಎಂದರು.

"ಬಲಗೈಯಲ್ಲಿ ಬೀಗದ ಕೈ ಗೊಂಚಲು ಸರ್. ಎಡಗೈ ಖಾಲಿ."